ಟೂಲ್ ಬಾಕ್ಸಿನೊಳಗಿನ ಉಡ

ಹಳೇ ಮೇಜಿನ ಕಾಲು ಅಲ್ಲಾಡುತ್ತಿತ್ತು. ಬೋಲ್ಟು ಬಿಚ್ಚಿ ಒಂದು ವಾಷರ್ ಹಾಕಿದರೆ ಮುಗಿಯುವ ಕೆಲಸ. 13ರ ಬೋಲ್ಟಿಗೆ 14ರ ಸ್ಪ್ಯಾನರ್ ಹಾಕಿದೆ, 13 ಎಲ್ಲಿದೆ ಅಂತ ಹುಡುಕುವ ಸೋಮಾರಿತನ. ಎರಡು ಸಲ ಜಾರಿತು. ಮೂರನೇ ಸಲಕ್ಕೆ ಆರು ಮೂಲೆಯ ತಲೆ ಗುಂಡಗಾಗಿ ಕೂತಿತ್ತು. ಆಮೇಲೆ 13 ಸಿಕ್ಕಿತು, ಏನು ಬಂತು, ಅದೂ ಸುಮ್ನೆ ಸುತ್ತಿತು. ಮಾಮೂಲಿ ಇಕ್ಕಳದಲ್ಲಿ ಅಂಗೈ ಕೆಂಪಾಗುವ ತನಕ ಹಿಸುಕಿದೆ. ಹಿಸುಕುವುದಕ್ಕೇ ಕೈಯ ಬಲವೆಲ್ಲ ಹೋದರೆ ತಿರುಗಿಸುವುದಕ್ಕೆ ಏನು ಉಳಿಯುತ್ತದೆ ಹೇಳಿ?

ಪಕ್ಕದ ಮನೆಯವರು ತಮ್ಮ ಲಾಕಿಂಗ್ ಪ್ಲೈಯರ್, ಅಂದರೆ ಕಚ್ಚಿ ಲಾಕ್ ಆಗುವ ಇಕ್ಕಳ, ತಂದುಕೊಟ್ಟರು. ಕೆಲವರು ವೈಸ್ ಗ್ರಿಪ್ ಅನ್ನುತ್ತಾರೆ, ಅದು ಮೊದಲು ಒಂದು ಬ್ರ್ಯಾಂಡಿನ ಹೆಸರು, ಈಗ ಯಾವ ಕಂಪನಿಯದ್ದಾದರೂ ಬಾಯಲ್ಲಿ ಅದೇ ಬರುತ್ತದೆ. ನಾನು ಅದನ್ನು ಬೋಲ್ಟಿಗೆ ಹಾಕಿ ಹಿಡಿ ಒತ್ತಿದೆ. ಹಿಡಿ ಸಲೀಸಾಗಿ ಮುಚ್ಚಿಕೊಂಡಿತು, ಬೋಲ್ಟು ಮಾತ್ರ ಮತ್ತೆ ಜಾರಿತು. ಇಷ್ಟೇನಾ ಇದು ಅನ್ನಿಸಿತು. ತಪ್ಪು ನನ್ನದೇ, ಹಿಂದಿನ ಸ್ಕ್ರೂ ಮುಟ್ಟಿಯೇ ಇರಲಿಲ್ಲ.

ಈ ಪ್ಲೈಯರಿನ ಜೀವ ಇರುವುದೇ ಹಿಡಿಯ ತುದಿಯ ಆ ಗುಂಡು ಸ್ಕ್ರೂನಲ್ಲಿ. ದವಡೆ ಎಷ್ಟು ಅಗಲಕ್ಕೆ ಬಂದು ನಿಲ್ಲಬೇಕು ಅನ್ನುವುದನ್ನು ಅದು ಹೇಳುತ್ತದೆ. ಮೊದಲು ಹಿಡಿಯನ್ನು ಪೂರ್ತಿ ಮುಚ್ಚಿ, ದವಡೆ ಬೋಲ್ಟಿನ ತಲೆಗೆ ತಾಗುವಷ್ಟು ಸ್ಕ್ರೂ ಹೊಂದಿಸಿಕೊಳ್ಳಬೇಕು. ಆಮೇಲೆ ಬಿಚ್ಚಿ, ಸ್ಕ್ರೂವನ್ನು ಅರ್ಧ ಸುತ್ತು ಒಳಕ್ಕೆ ತಿರುಗಿಸಿ, ಮತ್ತೆ ಬೋಲ್ಟಿಗೆ ಹಾಕಿ ಒತ್ತಬೇಕು. ಈಗ ಹಿಡಿ ಸ್ವಲ್ಪ ಮೊಂಡು ಹಿಡಿಯುತ್ತದೆ, ಕೊನೆಗೆ ಕಟ್ ಅಂತ ಸದ್ದು. ಸಲೀಸಾಗಿ ಮುಚ್ಚಿದರೆ ಸಡಿಲ ಇದೆ ಅಂತ, ಇನ್ನೊಂದು ಕಾಲು ಸುತ್ತು ಕೊಡಿ. ಎರಡೂ ಕೈ ಹಾಕಿ ಒದ್ದಾಡಿದರೂ ಮುಚ್ಚದಿದ್ದರೆ ಜಾಸ್ತಿ ಆಯಿತು. ಒಮ್ಮೆ ಕಟ್ ಅಂದ ಮೇಲೆ ಕೈ ಬಿಟ್ಟರೂ ಅದು ಬಿಡುವುದಿಲ್ಲ, ಥೇಟ್ ಉಡದ ಪಟ್ಟು. ಆಗ ಕೈಯ ಬಲ ಅಷ್ಟೂ ತಿರುಗಿಸುವುದಕ್ಕೇ ಸಿಗುತ್ತದೆ. ನನ್ನ ಬೋಲ್ಟು ಕಿರ್ ಅಂತ ಒಂದು ಸಲ ಕೂಗಿ ತಿರುಗಿತು.

ಇದು ಹೇಗೆ ಲಾಕ್ ಆಗುತ್ತದೆ ಗೊತ್ತಾ? ಮೊಣಕಾಲು ಮಡಿಸಿ ನಿಂತರೆ ಎರಡು ನಿಮಿಷಕ್ಕೆ ತೊಡೆ ನಡುಗುತ್ತದೆ, ನೆಟ್ಟಗೆ ಮಾಡಿ ನಿಂತರೆ ಭಾರ ಮೂಳೆಯ ಮೇಲೆ ಹೋಗುತ್ತದೆ, ಅಲ್ವಾ? ಪ್ಲೈಯರಿನ ಒಳಗಿನ ಪಟ್ಟಿಯೂ ಹಾಗೆ. ಕೀಲುಗಳು ನೇರ ಗೆರೆಗೆ ಬಂದು ಕೂದಲೆಳೆಯಷ್ಟು ಆಚೆ ದಾಟಿದರೆ ಸಾಕು, ದವಡೆಯ ಒತ್ತಡವೇ ಅದನ್ನು ಮುಚ್ಚಿಯೇ ಇಡುತ್ತದೆ. ಬಿಡಿಸುವುದಕ್ಕೆ ಹಿಡಿಯೊಳಗೆ ಒಂದು ಸಣ್ಣ ಲಿವರ್. ಮಾಡಿದವರು ವಿಲಿಯಂ ಪೀಟರ್ಸನ್, ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಬ್ರಾಸ್ಕಾದ ಡಿವಿಟ್ ಅನ್ನುವ ಪುಟ್ಟ ಊರಲ್ಲಿದ್ದ ಕಮ್ಮಾರ. ಮೊದಲ ಪೇಟೆಂಟ್ 1921ರಲ್ಲಿ, ಲಾಕ್ ಆಗುವ ಲಿವರಿನದ್ದು 1924ರಲ್ಲಿ. ಕುಲುಮೆಯ ಮುಂದೆ ಒಂದು ಕೈಯಲ್ಲಿ ಕಬ್ಬಿಣ ಹಿಡಿದು ಇನ್ನೊಂದು ಕೈಯಲ್ಲಿ ಬಡಿಯುವವನಿಗೇ ಇಂಥದ್ದು ಹೊಳೆಯಬೇಕು ಅಂತ ನನಗನ್ನಿಸುತ್ತದೆ.

ಯಾಕೆ ಅಂದರೆ, ಸವೆದ ಬೋಲ್ಟು ಬಿಚ್ಚುವುದು ಇದರ ಅರ್ಧ ಕೆಲಸ ಮಾತ್ರ. ಒಬ್ಬರೇ ರಿಪೇರಿಗೆ ಕೂತಾಗ ಇದು ಮೂರನೇ ಕೈ. ಕಪಾಟಿನ ಬೋಲ್ಟು ಈ ಕಡೆಯಿಂದ ತಿರುಗಿಸಿದರೆ ಆ ಕಡೆಯ ನಟ್ಟೂ ಜೊತೆಗೇ ತಿರುಗುತ್ತದೆ, ಅಷ್ಟು ದೂರ ಕೈ ಹೋಗುವುದಿಲ್ಲ. ನಟ್ಟಿಗೆ ಇದನ್ನು ಕಚ್ಚಿಸಿ ಬಿಟ್ಟರೆ ಹಿಡಿ ತಾನೇ ಹೋಗಿ ಪಕ್ಕದ ಹಲಗೆಗೆ ಆತುಕೊಳ್ಳುತ್ತದೆ, ಈ ಕಡೆ ಆರಾಮಾಗಿ ಬಿಗಿ ಮಾಡಬಹುದು. ಸಣ್ಣ ಕಬ್ಬಿಣದ ಚೂರನ್ನು ಅರದಲ್ಲಿ ಉಜ್ಜಬೇಕೆಂದರೆ ಬೆರಳಲ್ಲಿ ಹಿಡಿಯಬೇಡಿ, ಇದರ ಬಾಯಿಗೆ ಕೊಡಿ. ಅಂಟು ಹಾಕಿದ ಮರದ ತುಂಡುಗಳನ್ನು ಒಣಗುವ ತನಕ ಒತ್ತಿ ಹಿಡಿಯಲೂ ಆಗುತ್ತದೆ, ನಡುವೆ ದಪ್ಪ ರಟ್ಟು ಇಟ್ಟರೆ ಮರಕ್ಕೆ ಹಲ್ಲಿನ ಗುರುತು ಬೀಳುವುದಿಲ್ಲ.

ತಲೆ ಹೋದ ಮೊಳೆ ಕೀಳುವುದಂತೂ ನನಗೆ ತುಂಬಾ ಇಷ್ಟ. ಎಳೆದರೆ ಬರುವುದಿಲ್ಲ. ಮರದ ಹತ್ತಿರವೇ ಕಚ್ಚಿಸಿ, ದವಡೆಯ ಕೆಳಗೆ ತೆಳ್ಳನೆ ಹಲಗೆ ಚೂರು ಇಟ್ಟು, ಪ್ಲೈಯರನ್ನು ಪಕ್ಕಕ್ಕೆ ಉರುಳಿಸಿ. ಒಂದಿಷ್ಟು ಮೇಲೆ ಬರುತ್ತದೆ, ಮತ್ತೆ ಕೆಳಗೆ ಕಚ್ಚಿಸಿ, ಮತ್ತೆ ಉರುಳಿಸಿ. ತಲೆಯ ಸೀಳು ಸವೆದು ಹೋದ ಸ್ಕ್ರೂಗೂ ಈ ಪ್ಲೈಯರೇ ಗತಿ, ತಲೆ ಒಂದೆರಡು ಮಿಲಿಮೀಟರ್ ಮೇಲಿದ್ದರೂ ಸಾಕು. ಮರದ ಮಟ್ಟಕ್ಕೇ ಮುರಿದಿದ್ದರೆ ಇದು ಏನೂ ಮಾಡಲಾರದು.

ಇನ್ನು ಬೈಗುಳ. ಇದರ ಹಲ್ಲು ಒಳ್ಳೆಯದನ್ನೂ ಬಿಡುವುದಿಲ್ಲ. ಹೊಳೆಯುವ ಕ್ರೋಮ್ ನಲ್ಲಿಗೆ ಹಾಗೇ ಹಾಕಿದರೆ ಗೀರು ಶಾಶ್ವತ, ತೆಳು ಪೈಪಾದರೆ ಚಪ್ಪಟೆ. ಸ್ಪ್ಯಾನರ್ ಕೂರುವ ಚೆನ್ನಾಗಿರುವ ನಟ್ಟಿಗೆ ದಯವಿಟ್ಟು ಇದನ್ನು ಹಾಕಬೇಡಿ, ಅದನ್ನು ಕೆಡಿಸಿ ಆಮೇಲೆ ಇದೇ ಬೇಕಾಗುವ ಹಾಗೆ ಮಾಡಿಕೊಳ್ಳುತ್ತೀರಿ. ಹಿಡಿಗೆ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಕರೆಂಟಿನ ಹತ್ತಿರ ಒಯ್ಯುವಂತಿಲ್ಲ, ಅದು ಕೈಗೆ ಮೆತ್ತಗಿರಲಿ ಅಂತ ಅಷ್ಟೇ. ಬಿಡಿಸುವಾಗ ಹಿಡಿ ಫಟ್ ಅಂತ ತೆರೆದುಕೊಳ್ಳುತ್ತದೆ, ಮುಖ ದೂರ ಇರಲಿ. ಕಚ್ಚಿಸುವಾಗ ಅಂಗೈಯ ಚರ್ಮ ನಡುವೆ ಸಿಕ್ಕಿಕೊಂಡರೆ ಲಿವರ್ ಎಲ್ಲಿದೆ ಅನ್ನುವುದೂ ಮರೆತುಹೋಗುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ಯಾವುದು ತಗೋಬೇಕು? 10 ಇಂಚಿನ ಬಾಗಿದ ದವಡೆಯದ್ದನ್ನೇ ಎಲ್ಲರೂ ಹೇಳುತ್ತಾರೆ. ಮನೆಗೆ 7 ಇಂಚಿನದ್ದೇ ವಾಸಿ ಅಂತ ನನ್ನ ಅಭಿಪ್ರಾಯ, ಇಕ್ಕಟ್ಟಿನಲ್ಲಿ ನುಗ್ಗುತ್ತದೆ, ಕೈಗೂ ಭಾರವಲ್ಲ. ಬಾಗಿದ ದವಡೆ ಮಾತ್ರ ಇರಲಿ, ಗುಂಡಗಿನದ್ದಕ್ಕೂ ನಟ್ಟಿಗೂ ಆಗುತ್ತದೆ. ಸ್ಕ್ರೂಗೂ ಕೀಲಿಗೂ ಆಗಾಗ ಒಂದೊಂದು ಹನಿ ಎಣ್ಣೆ. ಇಡುವಾಗ ಲಾಕ್ ಬಿಡಿಸಿ ಇಡಿ.

ನನ್ನದನ್ನು ಈಗ ಹಾಗೆ ಇಡಲಾಗಿಲ್ಲ. ಹಿತ್ತಲಿನ ನಲ್ಲಿಯ ತಿರುಪು ಮುರಿದಿತ್ತು, ಹೊಸದು ತರುವ ತನಕ ಅಂತ ಅದರ ಕಡ್ಡಿಗೆ ಕಚ್ಚಿಸಿದ್ದೆ. ಹೊಸ ತಿರುಪು ತಂದು ಮೂರು ವಾರವಾಯಿತು. ಅದು ಟೂಲ್ ಬಾಕ್ಸಿನಲ್ಲಿದೆ, ಪ್ಲೈಯರ್ ಇನ್ನೂ ನಲ್ಲಿಯ ಮೇಲೆ.