ಬ್ಯಾಟರಿ ಸಂಜೆವರೆಗೂ ಬಂತು

ದಾಬಸ್‌ಪೇಟೆ ಹತ್ತಿರದ ಒಂದು ಗೋದಾಮಿನಲ್ಲಿ ನಾನು ಶಿಫ್ಟ್ ಇನ್‌ಚಾರ್ಜ್. ಮೊದಲು ನಮ್ಮಲ್ಲಿ ಇದ್ದದ್ದೆಲ್ಲ ಡೀಸೆಲ್ ಫೋರ್ಕ್‌ಲಿಫ್ಟ್‌ಗಳೇ, ಅಂದರೆ ಮಾಲು ಎತ್ತಿ ಸಾಗಿಸುವ ಗಾಡಿಗಳು. ಮನೆಗೆ ಹೋಗಿ ಮೂಗು ಒರೆಸಿದರೆ ಕರವಸ್ತ್ರ ಕಪ್ಪು. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ನಮಗೆ ಆ ಕರವಸ್ತ್ರವೇ ಸಾಕಾಗಿತ್ತು.

ಆಮೇಲೆ ಬ್ಯಾಟರಿ ಗಾಡಿಗಳು ಬಂದವು. ಮೊದಲ ದಿನ ನಮ್ಮ ಹಿರಿಯ ಆಪರೇಟರ್, ಹಾವೇರಿ ಕಡೆಯವರು, ಹತ್ತಿ ಕೂತು ಕೀ ತಿರುಗಿಸಿದರು. "ಸರ, ಇದು ಚಾಲೂನ ಆಗವಲ್ದು" ಅಂದರು. ಚಾಲೂ ಆಗಿತ್ತು, ಸದ್ದು ಇರಲಿಲ್ಲ ಅಷ್ಟೆ. ಸದ್ದಿಲ್ಲವೆಂದು ಲೋಡಿಂಗ್ ಹುಡುಗರು ಅಡ್ಡ ಬರತೊಡಗಿದರು. ಕೊನೆಗೆ ಗಾಡಿ ಮುಂದೆ ನೆಲಕ್ಕೆ ನೀಲಿ ಬೆಳಕು ಬೀಳುವ ದೀಪ ಹಾಕಿಸಿದೆವು.

ಹೊಗೆಯ ಲೆಕ್ಕವನ್ನು ಗೇಟ್ ರಿಜಿಸ್ಟರಿನ ಹಿಂದೆ ಸುಮ್ನೆ ಒಮ್ಮೆ ಹಾಕಿದ್ದೆ. ನಮ್ಮ 3 ಟನ್ ಡೀಸೆಲ್ ಗಾಡಿ ಗಂಟೆಗೆ ಸುಮಾರು 3 ಲೀಟರ್ ಕುಡಿಯುತ್ತಿತ್ತು. 8 ಗಂಟೆಗೆ 24 ಲೀಟರ್. ಒಂದು ಲೀಟರ್ ಸುಟ್ಟರೆ 2.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್, ಅಲ್ಲಿಗೆ 65 ಕೆಜಿ. ಅದೇ 8 ಗಂಟೆಗೆ ಬ್ಯಾಟರಿ ಗಾಡಿಗೆ 50 ಯೂನಿಟ್ ಬೇಕು. ನಮ್ಮ ದೇಶದ ಕರೆಂಟಿಗೆ ಯೂನಿಟ್ಟಿಗೆ ಸುಮಾರು 0.7 ಕೆಜಿ, ಅಂದರೆ 35 ಕೆಜಿ. ಅದು ನಮ್ಮ ಶೆಡ್ಡಿನಲ್ಲಿ ಕಾಣುವುದಿಲ್ಲ, ರಾಯಚೂರಿನ ಚಿಮಣಿಯಲ್ಲಿ ಕಾಣುತ್ತದೆ. ಪಾವಗಡದ ಸೋಲಾರ್ ಇದೆಯಲ್ಲ ಅನ್ನಬಹುದು. ಆದರೆ ನಾವು ಚಾರ್ಜಿಗೆ ಹಾಕುವುದು ರಾತ್ರಿ!

ತೊಂದರೆ ಬಂದದ್ದು ಬೇರೆ ಕಡೆ. ಸಂಜೆ ನಾಲ್ಕಕ್ಕೇ ಬ್ಯಾಟರಿ ಕೆಂಪು ತೋರಿಸತೊಡಗಿತು. ಇದು ಹಳೇ ಥರದ ಸೀಸ-ಆಸಿಡ್ ಬ್ಯಾಟರಿ. 8 ಗಂಟೆ ಓಟ, 8 ಗಂಟೆ ಚಾರ್ಜ್, 8 ಗಂಟೆ ತಣಿಯಲು. ನಡುವೆ ಚಾರ್ಜಿಗೆ ಚುಚ್ಚಿ ಚುಚ್ಚಿ ತೆಗೆದರೆ ಬೇಗ ಹಾಳಾಗುತ್ತದೆ. ಡಿಸ್ಟಿಲ್ಡ್ ವಾಟರ್ ನೋಡಿದೆವು, ಸರಿ ಇತ್ತು. ಎಲ್ಲರೂ ಬ್ಯಾಟರಿಯನ್ನೇ ಬೈದರು. ಹಾವೇರಿಯವರು ಮಾತ್ರ, "ಸರ, ಬ್ಯಾಟರಿ ಸುಳ್ಳ ಹೇಳಂಗಿಲ್ರಿ. ಒಂದ ದಿವಸ ನನ್ನ ಹಿಂದ ನಡದ ನೋಡ್ರಿ" ಅಂದರು.

ನಡೆದೆ. ಮಧ್ಯಾಹ್ನಕ್ಕೇ ಕಾಲು ಸೋತವು.

ಎಲ್ಲಕ್ಕಿಂತ ಜಾಸ್ತಿ ಹೋಗುವ ಸೋಪಿನ ಪುಡಿ ಕಟ್ಟಕಡೆಯ ರ‍್ಯಾಕಿನಲ್ಲಿತ್ತು. ಬಂದ ದಿನ ಅಲ್ಲಿ ಜಾಗ ಇತ್ತು, ಅದಕ್ಕೇ ಅಲ್ಲಿ! ಲಾರಿಗೆ ಮಾಲು ತುಂಬುವ ಡಾಕಿನಿಂದ ನೂರು ಮೀಟರಿಗೂ ಜಾಸ್ತಿ ದೂರ. ವರ್ಷಕ್ಕೊಮ್ಮೆಯೂ ಅಲುಗದ ಮಾಲು ಬಾಗಿಲಲ್ಲೇ ಕೂತಿತ್ತು. ಇಟ್ಟವನು ನಾನೇ, ಯಾರನ್ನು ಬೈಯಲಿ?

ಎತ್ತುವುದಕ್ಕೇ ಕರೆಂಟು ಹೋಗುತ್ತದೆ ಅಂದುಕೊಂಡಿದ್ದೆ. ಬರೀ ಲೆಕ್ಕದಲ್ಲಿ 1 ಟನ್ ಮಾಲನ್ನು 5 ಮೀಟರ್ ಎತ್ತಲು 0.014 ಯೂನಿಟ್ ಸಾಕು. ಮಾಲು ಎತ್ತುವ ಕಂಬದ (ಮಾಸ್ಟ್) ತೂಕ, ಪಂಪಿನ ನಷ್ಟ ಸೇರಿಸಿದರೂ ದೊಡ್ಡದಲ್ಲ. ಆದರೆ 4 ಟನ್ನಿಗೂ ಜಾಸ್ತಿ ಇರುವ ತನ್ನ ಮೈಯನ್ನು ಗಾಡಿ ಅಷ್ಟು ದೂರ ಎಳೆಯಬೇಕು, ಬ್ರೇಕ್ ಹಾಕಬೇಕು, ಮತ್ತೆ ಎಳೆಯಬೇಕು. ವಾಪಸ್ ಬರುವಾಗ ಖಾಲಿ.

ಎರಡು ಭಾನುವಾರ ಓವರ್‌ಟೈಮ್ ಹಾಕಿಸಿ ಸೋಪಿನ ಪುಡಿಯನ್ನು ಮುಂದಕ್ಕೆ ತಂದೆವು. ಈಗ ಆರು ಗಂಟೆಗೆ ಗಾಡಿ ಚಾರ್ಜಿಗೆ ನಿಂತಾಗಲೂ ಬ್ಯಾಟರಿ ಮೀಟರಿನಲ್ಲಿ ಒಂದು ಕಡ್ಡಿ ಉಳಿದಿರುತ್ತದೆ.

ಲಿಥಿಯಂ ಬ್ಯಾಟರಿಯ ಕೊಟೇಶನ್ ನನ್ನ ಡ್ರಾಯರಿನಲ್ಲಿದೆ. ಅದು ಒಳ್ಳೆಯದೇ. ಊಟದ ಹೊತ್ತಿನಲ್ಲಿ ಚುಚ್ಚಬಹುದು, ಹಗಲಿನ ಸೋಲಾರ್ ಕರೆಂಟೂ ಸಿಗುತ್ತದೆ. ರೇಟು ನೋಡಿ ಮತ್ತೆ ಒಳಗಿಟ್ಟಿದ್ದೇನೆ. ಅದಕ್ಕೂ ಮೊದಲು ದೀಪಾವಳಿಗೆ ಎಣ್ಣೆ ಡಬ್ಬಗಳು ಮುಂದೆ ಬರಬೇಕು. ಇನ್ನೊಂದು ಭಾನುವಾರ ಕೇಳಬೇಕು. ಹಾವೇರಿಯವರು ಏನನ್ನುತ್ತಾರೋ.