ಎಲೆ ಸಮ ಬಂದರೆ ಲಾಭ ಯಾರಿಗೆ?

ಲೆಕ್ಕ ಬರೆಯೋದೇ ನನ್ನ ಕೆಲಸ. ಯಾವ ಆಟ ನೋಡಿದರೂ ದುಡ್ಡು ಎಲ್ಲಿ ಸೋರುತ್ತದೆ ಅಂತ ಕಣ್ಣು ಹುಡುಕುತ್ತದೆ. ಕ್ಯಾಸಿನೋ ವಾರ್ ತಗೊಳ್ಳಿ. ನಿಮಗೊಂದು ಎಲೆ, ಡೀಲರ್‌ಗೊಂದು ಎಲೆ, ದೊಡ್ಡದು ಗೆಲ್ಲುತ್ತದೆ. ಎಲ್ಲ ಸಮಸಮ, ಅಲ್ವಾ?

ಎರಡೂ ಎಲೆ ಒಂದೇ ಬರಲಿ, ಆಗ ನೋಡಿ. 100 ಕಟ್ಟಿದವರು ಆಟ ಮುಂದುವರಿಸಲು ಇನ್ನೂ 100 ಕಟ್ಟಬೇಕು. ಸೋತರೆ 200 ಹೋಯಿತು. ಗೆದ್ದರೆ ಲಾಭ ಬರೀ 100. ಬೇಡಪ್ಪಾ ಅಂತ ಎದ್ದರೆ 50 ಕ್ಯಾಸಿನೋದವರಿಗೆ. ಆರು ಕಟ್ಟು ಎಲೆಗಳ ಆಟದಲ್ಲಿ, ಏಳದೆ ಪ್ರತಿ ಸಲ ಮುಂದುವರಿಸಿದರೂ, ಸರಾಸರಿ 100ಕ್ಕೆ ಸುಮಾರು 2.9 ಹೀಗೇ ಸುಮ್ನೆ ಅವರ ಕಡೆ ಜಾರುತ್ತದೆ.

ಪಕ್ಕದಲ್ಲೇ ‘ಟೈ’ ಅಂತ ಒಂದು ಚೌಕ, ಎಲೆ ಸಮ ಬರುತ್ತದೆ ಅಂತ ದುಡ್ಡು ಕಟ್ಟೋಕೆ. ಗೆದ್ದರೆ ಒಂದಕ್ಕೆ ಹತ್ತು. ನ್ಯಾಯವಾಗಿ ಹನ್ನೆರಡೂವರೆ ಕೊಡಬೇಕು! ಅಲ್ಲಿ ನೂರಕ್ಕೆ 18ಕ್ಕಿಂತ ಜಾಸ್ತಿ ಹೋಗುತ್ತದೆ. ಆ ಚೌಕಕ್ಕೆ ನಾನಂತೂ ಕಾಸು ಇಡಲ್ಲ.