ಫರ್ನ್ ಹಳದಿಯಾದರೆ ವಾಲ್ವ್ ತಿರುಗಿಸಬೇಡಿ, ಮೊದಲು ಗುಂಡಿ ತೋಡಿ

ಆಸ್ಪ್ಯಾರಗಸ್ ಎಂಬ ತರಕಾರಿಯ ಬ್ಲಾಕಿನಲ್ಲಿ ಫರ್ನ್ (ಕೊಯ್ಯದೆ ಬಿಟ್ಟ ಚಿಗುರು ಬೆಳೆದು ಗರಿಗರಿಯಾಗಿ ಕವಲೊಡೆದ ಹಸಿರು) ಹಳದಿಗೆ ತಿರುಗಿತು ಅಂದರೆ ಆಫೀಸಿನಿಂದ ಬರುವ ಮೆಸೇಜು ಗೊತ್ತಿರುವಂಥದ್ದೇ: ‘ಡ್ರಿಪ್ ಟೈಮ್ ಜಾಸ್ತಿ ಮಾಡಿ.’ ಈ ಸಲವೂ ಅದೇ ಬಂತು. ಆ್ಯಪ್‌ನಲ್ಲಿ ಬ್ಲಾಕು ಕೆಂಪಾಗಿತ್ತು. ಮೇಲ್ಮಣ್ಣು ಒಣಗಿತ್ತು. ಮಧ್ಯಾಹ್ನದ ಹೊತ್ತಿಗೆ ಫರ್ನ್ ಜೋಲುತ್ತಿತ್ತು. ಇಷ್ಟು ನೋಡಿದ ಯಾರಾದರೂ ನೀರು ಸಾಲದು ಎಂದೇ ಹೇಳುತ್ತಾರೆ. ನಮ್ಮಲ್ಲೂ ಎಲ್ಲರೂ ಹಾಗೇ ಅಂದರು.

ಗುಂಡಿ ತೋಡಿದ್ದು ಬರೀ ವಾಡಿಕೆಗೆ. ಕ್ರೌನ್‌ನಿಂದ (ಬೇರು, ಚಿಗುರು ಎರಡೂ ಹೊರಡುವ ಗಿಡದ ಬುಡ) ಒಂದು ಗೇಣು ದೂರ, ಸಾಲಿನುದ್ದಕ್ಕೂ ಹಾಸಿದ ಡ್ರಿಪ್ ಪೈಪಿನ, ಅಂದರೆ ಲ್ಯಾಟರಲ್, ಪಕ್ಕದಲ್ಲಿ. ಮೇಲಿನ ನಾಲ್ಕು ಬೆರಳು ಮಣ್ಣು ಪುಡಿಪುಡಿ. ಅದರ ಕೆಳಗೆ ಒದ್ದೆ, ಮುಷ್ಟಿ ಬಿಗಿದರೆ ಬೆರಳ ಸಂದಿಯಲ್ಲಿ ನೀರು. ಏಳೆಂಟು ಇಂಚಿಗೆ ಹಾರೆ ಗಟ್ಟಿ ಪದರಕ್ಕೆ ಬಡಿದು ನಿಂತಿತು. ಅಷ್ಟರಲ್ಲಿ ತ್ರೀ ಫೇಸ್ ಬಂತು. ಸ್ಟಾರ್ಟರ್ ಹತ್ತಿರ ನಿಂತಿದ್ದ ಹುಡುಗ ‘ಸಾರ್, ಆನ್ ಮಾಡ್ಲಾ?’ ಅಂತ ಕೂಗುತ್ತಿದ್ದಾನೆ, ಮ್ಯಾನೇಜರು ಫೋನಿನಲ್ಲಿ ‘ಕರೆಂಟ್ ಇದ್ದಾಗಲೇ ಬಿಡ್ರೀ’ ಅನ್ನುತ್ತಿದ್ದಾರೆ, ಇತ್ತ ಗುಂಡಿಯ ಬದಿಯಿಂದ ನೀರು ಜಿನುಗಿ ತಳದಲ್ಲಿ ನಿಲ್ಲುತ್ತಿದೆ. ಒಂದು ಬೇರು ಎಳೆದು ನೋಡಿದರೆ ಹೊರ ಸಿಪ್ಪೆ ಪೂರ್ತಿ ಕಳಚಿ ಕೈಗೆ ಬಂತು, ಒಳಗೆ ಉಳಿದಿದ್ದು ದಾರದಂಥ ನಾರು. ಒಳ್ಳೆಯ ಬೇರು ಕತ್ತರಿಸಿದರೆ ಒಳಗೆ ಕೆನೆಬಣ್ಣ, ರಸ ಒಸರುತ್ತದೆ. ಇದು ಕಂದು, ಟೊಳ್ಳು.

‘ಬೇಡ, ಗೇಟ್ ವಾಲ್ವ್ ಮುಚ್ಚು’ ಎಂದು ಹೇಳುವ ಹೊತ್ತಿಗೆ ಕೆಲವು ಸಾಲುಗಳು ಆಗಲೇ ಕೈತಪ್ಪಿ ಹೋಗಿದ್ದವು.

ಆ್ಯಪ್‌ಗೆ ಮಣ್ಣಿನ ತೇವ ತಿಳಿಸುವ ಸೆನ್ಸರ್ ಕೆಟ್ಟಿರಲಿಲ್ಲ. ಅದನ್ನು ಹೂತಿದ್ದದ್ದು 15 ಸೆಂ.ಮೀ. ಆಳದಲ್ಲಿ. ಕಳೆ ತೆಗೆಯುವಾಗ ಪವರ್ ಟಿಲ್ಲರು ಲ್ಯಾಟರಲ್ ಅನ್ನು ಪಕ್ಕಕ್ಕೆ ತಳ್ಳಿತ್ತು. ಒದ್ದೆ ಜಾಗ ಆಚೆ ಸರಿಯಿತು, ಸೆನ್ಸರ್ ಒಣ ಮಣ್ಣಿನಲ್ಲೇ ಉಳಿದು ಒಣಗಿದೆ ಅಂತಲೇ ವರದಿ ಕೊಟ್ಟಿತು. ಈ ಬೆಳೆಗೆ 30 ಮತ್ತು 60 ಸೆಂ.ಮೀ. ಆಳದಲ್ಲಿ ಒಂದೊಂದು ಟೆನ್ಸಿಯೋಮೀಟರ್ (ಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ಸೆಂಟಿಬಾರ್‌ನಲ್ಲಿ ತೋರಿಸುವ ಮೀಟರು; ಅಂಕಿ ಏರಿದಷ್ಟೂ ಮಣ್ಣು ಒಣ) ಬೇಕೇ ಬೇಕು. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ 30ರ ಮುಳ್ಳು 30–40 ಸೆಂಟಿಬಾರ್ ಮುಟ್ಟಿದಾಗ ನೀರು ಕೊಟ್ಟರೆ ಸಾಕು. 60ರದ್ದು ದಿನಗಟ್ಟಲೆ 10ರ ಕೆಳಗೇ ನಿಂತಿದ್ದರೆ ಮೇಲೆ ಎಷ್ಟೇ ಒಣಗಿ ಕಾಣಲಿ, ವಾಲ್ವ್ ಮುಟ್ಟಬಾರದು. ಫರ್ನ್ ಜೋಲಿದ್ದಕ್ಕೆ ಕಾರಣವೂ ಇದೇ: ನೀರಲ್ಲಿ ಮುಳುಗಿದ ಬೇರಿಗೆ ಗಾಳಿ ಇಲ್ಲ, ಗಾಳಿ ಇಲ್ಲದ ಬೇರು ನೀರು ಎಳೆಯುವುದಿಲ್ಲ. ಅಂಥ ಮಣ್ಣಿನಲ್ಲಿ ಬೇರು ಕೊಳೆಸುವ ಫೈಟಾಫ್ತೊರ, ಫ್ಯುಸೇರಿಯಂ ರೋಗಾಣುಗಳೆರಡೂ ಕಾಯುತ್ತಿರುತ್ತವೆ. ಬೋರ್‌ವೆಲ್ಲಿನ ಉಪ್ಪು ನೀರಿನ ಮೇಲೆ ತಪ್ಪು ಹೊರಿಸುವವರೂ ಇದ್ದರು. ಆಸ್ಪ್ಯಾರಗಸ್ ಉಪ್ಪನ್ನು ಉಳಿದ ತರಕಾರಿಗಳಿಗಿಂತ ಚೆನ್ನಾಗಿಯೇ ತಡೆಯುತ್ತದೆ.

ಲೆಕ್ಕ ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಸಾಲಿನಿಂದ ಸಾಲಿಗೆ 1.5 ಮೀಟರ್, 40 ಸೆಂ.ಮೀ.ಗೊಂದು ಡ್ರಿಪ್ಪರ್, ಒಂದೊಂದು ಡ್ರಿಪ್ಪರಿನಿಂದ ಗಂಟೆಗೆ 4 ಲೀಟರ್. ಅಂದರೆ ಗಂಟೆಗೆ 6–7 ಮಿ.ಮೀ. ಮಳೆ ಬಿದ್ದಷ್ಟು. ಬೇಸಿಗೆಯಲ್ಲೂ ತುಂಬಿದ ಫರ್ನಿಗೆ ದಿನಕ್ಕೆ 5 ಮಿ.ಮೀ. ಆಸುಪಾಸು ಸಾಕು, ಅದಕ್ಕೆ ಮುಕ್ಕಾಲು ಗಂಟೆ. ರಾತ್ರಿ ತ್ರೀ ಫೇಸ್ ನಾಲ್ಕು ಗಂಟೆ ಇರುತ್ತದೆ ಎಂದು ಆಟೋ ಸ್ಟಾರ್ಟರ್ ಹಾಕಿ ಮಲಗಿದರೆ ಒಂದೇ ರಾತ್ರಿಗೆ ಐದು ದಿನದ ನೀರು. ಐದು ದಿನಕ್ಕೊಮ್ಮೆ ಹಾಗೆ ಬಿಟ್ಟರೆ ಮಣ್ಣು ತಡೆಯುತ್ತದೆ, ದಿನಾ ಬಿಟ್ಟರೆ ಎಲ್ಲಿಗೆ ಹೋಗಬೇಕು?

ನೀರು ಕೆಳಗೆ ಇಳಿಯಲಿಕ್ಕೆ ದಾರಿ ಮುಚ್ಚಿದ್ದು ಟಿಲ್ಲರು. ಒದ್ದೆ ಇದ್ದಾಗಲೇ, ಹದ ನೋಡದೆ, ಪದೇಪದೇ ಅದೇ ಆಳಕ್ಕೆ ಓಡಿಸಿದರೆ ಬ್ಲೇಡಿನ ಕೆಳಗೆ ಮಣ್ಣು ಸವರಿ ಗಟ್ಟಿಯಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ನಾಟಿ ಮಾಡಿದ ಎರಡು-ಮೂರು ವರ್ಷಕ್ಕೆ ಎರಡೂ ಕಡೆಯ ಬೇರುಗಳು ಸಾಲಿನ ನಡುವೆ ಕೂಡಿಕೊಳ್ಳುತ್ತವೆ. ಸಾಲುಗಳ ನಡುವೆ ಖಾಲಿ ಜಾಗ ಇದೆ ಎಂದು ಮೇಲಿಂದ ಕಂಡರೂ ಕೆಳಗೆ ಮುಂದಿನ ಕಟಾವಿನ ಕಣಜವೇ ಇರುತ್ತದೆ. ಕೊಯ್ದು ಮಾರುವ ಎಳೆ ಚಿಗುರು, ಅಂದರೆ ಸ್ಪಿಯರ್, ಎದ್ದು ಬರುವುದು ಆ ಬೇರಿನಲ್ಲಿ ಕೂಡಿಟ್ಟ ಸಕ್ಕರೆಯ ಬಲದಲ್ಲಿ. ಹಲವು ಮಕ್ಕಳ ತಾಯಿ ಬೇರಿನ (ಶತಾವರಿ) ತೋಟ ನೋಡಿದವರು ಇದೂ ಅದೇ ಜಾತಿ ತಾನೇ ಅನ್ನುತ್ತಾರೆ. ಜಾತಿ ಹೌದು, ಆದರೆ ಅಲ್ಲಿ ಬೇರು ಕಿತ್ತು ಮಾರುತ್ತಾರೆ, ಇಲ್ಲಿ ಬೇರಿಗೆ ಗಾಯವಾದರೆ ಅದೇ ಫ್ಯುಸೇರಿಯಂಗೆ ಬಾಗಿಲು. ಕಳೆಗೆ ಎರಡು ಇಂಚು ದಾಟದಂತೆ ಕೈಗುದ್ದಲಿ, ಉಳಿದದ್ದಕ್ಕೆ ಹುಲ್ಲಿನ ಮುಚ್ಚಿಗೆ. ಕ್ರೌನ್ ವರ್ಷವರ್ಷ ಮೇಲೇಳುತ್ತದೆ, ಮಣ್ಣೇರಿಸಲೇಬೇಕು. ಆದರೆ ನಡುಸಾಲಿನ ಮಣ್ಣು ಕೆತ್ತಿ ಏರಿಸುವ ಬದಲು ಹೊರಗಿಂದ ಚೆನ್ನಾಗಿ ಕಳಿತ ಗೊಬ್ಬರ ತಂದು ಹಾಕುವುದು ಲೇಸು. ಖರ್ಚು ಜಾಸ್ತಿ ಅಂತ ಬಿಲ್ ವಾಪಸ್ ಬರುತ್ತದೆ, ಅದು ಬೇರೆ ಮಾತು.

ಹಾಗಂತ ಒಣಗಿಸುವುದೂ ತರವಲ್ಲ. ಫರ್ನ್ ಬೆಳೆಯುವ ಕಾಲದಲ್ಲಿ ನೀರು ಕಡಿಮೆಯಾದರೆ ಮೊಗ್ಗು ಕಡಿಮೆ, ಬೇರಿನಲ್ಲಿ ಸಕ್ಕರೆ ಕಡಿಮೆ. ಪೆಟ್ಟು ಕಾಣುವುದು ಮುಂದಿನ ಕಟಾವಿನಲ್ಲಿ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಪೆರುವಿನ ಇಕಾದಲ್ಲಿ ಬೇಕೆಂದೇ ಡ್ರಿಪ್ ನಿಲ್ಲಿಸಿ, ಫರ್ನ್ ಒಣಗಿಸಿ, ಕತ್ತರಿಸಿ, ಮತ್ತೆ ನೀರು ಬಿಟ್ಟು ಸ್ಪಿಯರ್ ಎಬ್ಬಿಸುತ್ತಾರೆ. ಅದು ಮಳೆಯೇ ಇಲ್ಲದ ಮರುಭೂಮಿ. ದೊಡ್ಡಬಳ್ಳಾಪುರ ಕಡೆ ಜೂನ್‌ನಿಂದ ಅಕ್ಟೋಬರ್ ತನಕ ಮುಗಿಲು ನಮ್ಮ ಮಾತು ಕೇಳುವುದಿಲ್ಲ. ಇಲ್ಲಿಗೆ ಒಗ್ಗುವುದು ಥಾಯ್ಲೆಂಡಿನವರ ತಾಯಿಕಾಂಡದ ಕ್ರಮ: ಗಿಡಕ್ಕೆ ನಾಲ್ಕೈದು ಫರ್ನ್ ಉಳಿಸಿ, ಉಳಿದ ಸ್ಪಿಯರ್ ಕೊಯ್ಯುತ್ತಾ, ಹಳೆಯ ಕಾಂಡವನ್ನು ಎರಡು-ಮೂರು ತಿಂಗಳಿಗೊಮ್ಮೆ ಬದಲಿಸುವುದು. ಏರುಮಡಿ ಮತ್ತು ಬಸಿಗಾಲುವೆ ಮಳೆಗಾಲಕ್ಕೆ ಮುಂಚೆಯೇ ಆಗಿರಬೇಕು. ಸ್ಪ್ರಿಂಕ್ಲರ್ ಅಂತೂ ಬೇಡವೇ ಬೇಡ, ಒದ್ದೆ ಕಾಂಡಕ್ಕೆ ಫೋಮಾಪ್ಸಿಸ್ ಎಂಬ ಶಿಲೀಂಧ್ರ ಅಂಟಿದರೆ ತಾಯಿಕಾಂಡವೇ ಉಳಿಯುವುದಿಲ್ಲ.

ಸತ್ತ ಕ್ರೌನ್ ಇದ್ದ ಜಾಗದಲ್ಲಿ ಗ್ಯಾಪ್ ಫಿಲ್ಲಿಂಗ್ ಮಾಡಿ ಎಂದು ಈಗ ಮೇಲ್ ಬಂದಿದೆ. ಹಳೆಯ ಬೇರು ಬಿಟ್ಟ ವಿಷಾಂಶ ಮತ್ತು ಫ್ಯುಸೇರಿಯಂ ಎರಡೂ ಆ ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತವೆ, ಹೊಸ ಸಸಿ ಅಲ್ಲಿ ಏಳುವುದಿಲ್ಲ. ಆ ತುಂಡಿಗೆ ರಾಗಿ ಹಾಕಿ, ಹೊಸ ಕ್ರೌನ್‌ಗಳಿಗೆ ಆಸ್ಪ್ಯಾರಗಸ್ ಬೆಳೆಯದ ಜಾಗ ಕೊಡಿ ಎಂದು ಉತ್ತರ ಬರೆದಾಗಿದೆ. ಅದಕ್ಕೆ ಇನ್ನೂ ಅಪ್ರೂವಲ್ ಬಂದಿಲ್ಲ. ಇನ್ನಷ್ಟು 15 ಸೆಂ.ಮೀ. ಸೆನ್ಸರ್‌ಗಳಿಗೆ ಮಾತ್ರ ಅವತ್ತೇ ಬಂತು.